ಆಮೇಲೆ ಅನ್ನುವ ಬಿಳಿ ಗುಂಡಿ

ನಮ್ಮ ಗಂಗಿಗೆ ಸೀಟು ಸಿಕ್ಕಿತು! ಪಶುಪಾಲನೆ ಡಿಪ್ಲೊಮಾ, ಎರಡು ವರ್ಷ, ಹಿರಿಯೂರಿನ ಕಡೆ ಕಾಲೇಜು, ಅಲ್ಲೇ ಹಾಸ್ಟೆಲು. ನನ್ನ ಮಗನ ಮಗಳು ಕುರಿ ಡಾಕ್ಟರ್ ಆಗುತ್ತಾಳೆ. "ಡಾಕ್ಟರ್ ಅಲ್ಲಜ್ಜಿ, ಇನ್‌ಸ್ಪೆಕ್ಟರ್" ಎಂದು ನಿನ್ನೆಯಿಂದ ಹತ್ತು ಸಲ ತಿದ್ದಿದ್ದಾಳೆ. ಇನ್‌ಸ್ಪೆಕ್ಟರ್ ಅಂದರೆ ಜನ ಪೊಲೀಸು ಅಂದುಕೊಳ್ಳುತ್ತಾರೆ. ನನ್ನ ಬಾಯಲ್ಲಿ ಅವಳು ಡಾಕ್ಟರೇ. ಮಿಕ್ಕಿದ್ದೆಲ್ಲ ಆಮೇಲೆ ಹೇಳುತ್ತೇನೆ.

ನೋಡಿ, ಮತ್ತೆ ಅದೇ ಮಾತು ಬಂತು. ಆಮೇಲೆ. ಈ ಮಾತನ್ನು ಬಿಡಬೇಕು ಅಂತ ಒಂದು ವರ್ಷದಿಂದ ಹೆಣಗುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಹೊಸದುರ್ಗದ ನಮ್ಮ ಅಂಗಡಿಯಲ್ಲಿ ಗೊತ್ತಾಗಿದ್ದು. ಗೊತ್ತಾದ ಮೇಲೆ ನಾನು ಅಂಗಡಿಯಲ್ಲಿ ನಿಲ್ಲಲಿಲ್ಲ. ಹೂವಿನವಳಿಗೆ ಹೇಳಿದೆ, ಟೀ ಅಂಗಡಿಯವನಿಗೆ ಹೇಳಿದೆ, ಹೊಳಲ್ಕೆರೆ ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸೊಬ್ಬಳಿಗೂ ಹೇಳಿದೆ. ಆಕೆ ಪಾಪ, "ಒಳ್ಳೇದಾಗ್ಲಿ ಬಿಡವ್ವ" ಅಂದು ಬಸ್ಸು ಬಂತೇನೋ ಅಂತ ಕತ್ತು ಚಾಚಿದಳು. ಊರಲ್ಲಿ ಕುರಿಯ ಹಿಂದೆ ಹೋಗಿದ್ದ ನಮ್ಮ ಯಜಮಾನರಿಗೆ ಫೋನು ಮಾಡಿದರೆ, "ಏನು? ಜೋರಾಗಿ ಹೇಳೇ" ಅಂತ ಮೂರು ಸಲ ಹೇಳಿಸಿಕೊಂಡರು. ಅವರ ಕಿವಿ ನೆಟ್ಟಗೇ ಇದೆ. ಮೂರು ಸಲ ಕೇಳುವ ಆಸೆ ಅಷ್ಟೆ.

ಇಷ್ಟು ಸಂತೋಷದ ನಡುವೆಯೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಒಂದು ಸಂಗತಿ ಸಿಕ್ಕಿಕೊಂಡಿತ್ತು. ಸೀಟು ಸಿಕ್ಕವರ ಪಟ್ಟಿ ಬರುವ ಹೊತ್ತಿಗೆ ಗಂಗಿ ಕುರ್ಚಿಯಿಂದ ಎದ್ದುಬಿಟ್ಟಳು. ಮೌಸನ್ನು ನನ್ನ ಕಡೆಗೆ ತಳ್ಳಿ, "ಅಜ್ಜಿ, ನೀನೇ ಒತ್ತು. ನಿನ್ ಕೈಗುಣ ಒಳ್ಳೇದು" ಅಂದಳು. ಒಂದು ವರ್ಷದಿಂದ ನಾನು ಆ ಮೌಸು ಮುಟ್ಟಿರಲಿಲ್ಲ. ಅವಳು ತೋರಿಸಿದ ಕಡೆ ಒತ್ತಿದೆ. ಬಿಳಿ ಪರದೆಯ ಮೇಲೆ ಒಂದು ಚಕ್ರ ತಿರುಗಿ ತಿರುಗಿ ನಿಂತಿತು, ಹೆಸರುಗಳು ಬಂದವು. ಅವಳು ಕಿರುಚಿ, ನನ್ನ ಬಲಗೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

ಆ ಕೈ. ಅದರ ಕಥೆಯನ್ನೇ ನಿಮಗೆ ಹೇಳಲು ಕುಳಿತಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿಯಲ್ಲ. ಕನ್ನಡ ಓದುತ್ತೇನೆ, ನಿಧಾನವಾಗಿ ಬರೆಯುತ್ತೇನೆ. ಅಂಕಿಗಳು ಚೆನ್ನಾಗಿ ಬರುತ್ತವೆ. ಇಂಗ್ಲಿಷು ಅಂದರೆ ನನಗೆ ಗೋಡೆಯ ಮೇಲೆ ಇರುವೆ ಸಾಲು ಹೋದ ಹಾಗೆ. ಇಂಥವಳು ಕಂಪ್ಯೂಟರಿನ ಮುಂದೆ ಕುಳಿತಿದ್ದು ಹೇಗೆ ಅಂತ ನೀವು ಕೇಳಬಹುದು. ನನ್ನ ಮಗ ಕರಿಯಪ್ಪ ತಾಲೂಕು ಕಚೇರಿಯ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಜನ ಹೊಲದ ಪಹಣಿ ತೆಗೆಸಲು, ಜಾತಿ ಪತ್ರಕ್ಕೆ ಅರ್ಜಿ ಹಾಕಲು ಬರುತ್ತಾರೆ. ಮಾಡದಕೆರೆಯಿಂದ ದಿನಾ ಬೆಳಿಗ್ಗೆ ಅವನ ಬೈಕಿನ ಹಿಂದೆ ಕುಳಿತು ನಾನೂ ಬರುತ್ತಿದ್ದೆ. ಮನೆಯಲ್ಲಿ ಸೊಸೆ ಸುಜಾತಳಿಗೂ ನನಗೂ ಒಂದೇ ಒಲೆ ಸಾಲುತ್ತಿರಲಿಲ್ಲ ಅನ್ನುವುದು ಒಂದು ಕಾರಣ. ಅದನ್ನು ಇಲ್ಲಿ ಬಿಡಿಸುವುದು ಬೇಡ, ಅವಳೂ ಇದನ್ನು ಓದುತ್ತಾಳೆ.

ಅಂಗಡಿ ಬಾಗಿಲು ತೆಗೆದು ಕಸ ಗುಡಿಸುವುದು, ದೀಪ ಹಚ್ಚುವುದು, ಕಂಪ್ಯೂಟರು ಹಚ್ಚುವುದು ನನ್ನ ಕೆಲಸ. ಕರಿಯಪ್ಪ ಮಧ್ಯಾಹ್ನ ಊಟಕ್ಕೆ ಹೋದಾಗ ಬಂದವರನ್ನು ಕೂರಿಸಿಕೊಳ್ಳುವುದೂ ನನ್ನದೇ. ಸುಮ್ಮನೆ ಕೂರಿಸಿಕೊಂಡು ಎಷ್ಟೊತ್ತು ಇರುವುದು? ಮಗ ಏನು ಮಾಡುತ್ತಾನೆ ಅಂತ ಹಿಂದೆ ನಿಂತು ನೋಡಿದೆ. ಅವನು ಓದಿ ಒತ್ತುತ್ತಿದ್ದ. ನಾನು ಎಣಿಸಿ ಒತ್ತುವುದು ಕಲಿತೆ.

ಎಣಿಸುವುದು ನಮಗೆ ಹುಟ್ಟಿನಿಂದ ಬಂದದ್ದು. ನಮ್ಮದು ಕಂಬಳಿ ನೇಯುವ ಮನೆ. ಮಗ್ಗದ ಮೇಲೆ ಕೂರುವುದು ಗಂಡಸರು. ಅದಕ್ಕೆ ಮೊದಲು ಅಂಗಳದಲ್ಲಿ ಗೂಟ ನೆಟ್ಟು, ಉಣ್ಣೆಯ ನೂಲನ್ನು ಈ ಗೂಟದಿಂದ ಆ ಗೂಟಕ್ಕೆ ಎಳೆಯುತ್ತ ಓಡಾಡುವುದು ಹೆಂಗಸರು. ಅಂಚಿಗೆ ಕರಿ ಎಂಟು, ಬಿಳಿ ಎರಡು, ಮತ್ತೆ ಕರಿ ಎಂಟು. ಬಾಯಲ್ಲಿ ಮಾತು, ಕಂಕುಳಲ್ಲಿ ಮಗು, ಕೈಯಲ್ಲಿ ನೂಲು, ಲೆಕ್ಕ ಮಾತ್ರ ತಪ್ಪುವಂತಿಲ್ಲ. ಆಮೇಲೆ ಹುಣಸೆಬೀಜದ ಗಂಜಿ ಬಳಿದು ಒಣಗಿಸುವುದು. ಆ ಗಂಜಿಯ ಹುಳಿ ವಾಸನೆ ಮದುವೆಯ ಅರಿಶಿನ ಹಚ್ಚಿದ ದಿನವೂ ನನ್ನ ಕೈಬಿಟ್ಟು ಹೋಗಿರಲಿಲ್ಲ.

ಹಾಗಾಗಿ ನನಗೆ ಕಂಪ್ಯೂಟರು ಒಂದು ಕಂಬಳಿ ಅಂಚಿನ ಹಾಗೆ ಕಂಡಿತು. ಇಂಟರ್ನೆಟ್ಟು ನೋಡುವ ಕಿಟಕಿಗೆ ಬ್ರೌಸರ್ ಅನ್ನುತ್ತಾರೆ. ಅದರ ಮೇಲ್ಗಡೆ ಒಂದು ಪಟ್ಟಿ, ಪಟ್ಟಿಯಲ್ಲಿ ಸಾಲಾಗಿ ಗುರುತುಗಳು. ಎಡದಿಂದ ಮೂರನೆಯದು ಪಹಣಿ, ಐದನೆಯದು ಜಾತಿ ಪತ್ರ, ಏಳನೆಯದು ಕರೆಂಟು. ಮೂರನೆಯದನ್ನು ಒತ್ತಿದರೆ ಊರ ಹೆಸರು ಕನ್ನಡದಲ್ಲೇ ಇದೆ, ಸರ್ವೆ ನಂಬರು ಅಂಕಿಯಲ್ಲಿದೆ; ಅವನ್ನು ತುಂಬಿದರೆ ಪಹಣಿ ಬೇರೆ ಪುಟವಾಗಿ, ಮೇಲೆ ತೆರೆದ ಪುಟಗಳ ಸಾಲಿನ ಬಲತುದಿಯಲ್ಲಿ ತೆರೆಯುತ್ತದೆ. ಪ್ರಿಂಟಿಗೆ ಬಲಮೂಲೆಯ ಮೂರು ಚುಕ್ಕಿ ಒತ್ತಿ, ಕೆಳಕ್ಕೆ ಒಂಬತ್ತು ಇಳಿಯಬೇಕು. ಮೂರು, ಬಲತುದಿ, ಮೂರು ಚುಕ್ಕಿ, ಒಂಬತ್ತು. ಮಲಗಿದಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ಮೊದಲನೇ ಸಲ ಪಹಣಿ ತೆಗೆದುಕೊಟ್ಟಾಗ ಒಬ್ಬ ಮುದುಕಪ್ಪ ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದ.

"ಏನವ್ವ, ನೀನೂ ಕಂಪ್ಯೂಟರ್ ಒತ್ತೀಯಾ?"

"ಯಾಕಪ್ಪ, ನನ್ ಬೆರಳೇನು ಮುಳ್ಳಾ?"

"ಅಲ್ಲ, ನಮ್ಮನೇ ಮುದುಕಿ ಟಿವಿ ಗುಂಡಿ ಒತ್ತಕ್ಕೂ ಮೊಮ್ಮಕ್ಕಳನ್ನ ಕರೀತಾಳೆ."

"ಅವ್ಳನ್ನ ಇಲ್ಲಿಗೆ ಕಳ್ಸು. ಎರಡು ದಿನದಾಗೆ ಹದಕ್ಕೆ ತರ್ತೀನಿ."

ಹೀಗೆ ನನಗೆ ಸ್ವಲ್ಪ ಹೆಸರು ಬಂತು. ಕರಿಯಪ್ಪ ಇದ್ದಾಗಲೂ ಕೆಲವರು "ಅಜ್ಜಿ ಬರ್ಲಿ ಬಿಡ್ರಿ" ಅನ್ನುತ್ತಿದ್ದರು. ಅರವತ್ತು ದಾಟಿದ ಮೇಲೆ ಸಿಕ್ಕ ಹೆಸರು ಬಹಳ ರುಚಿ. ಆ ರುಚಿಯೇ ನನ್ನನ್ನು ಕೆಡಿಸಿತು.

ಒಂದು ದಿನ ನಾನು ಎಂದಿನಂತೆ ಮೂರು ಒತ್ತಿದೆ, ಊರು ನಂಬರು ತುಂಬಿದೆ, ಬಲತುದಿಗೆ ಹೋದೆ, ಚುಕ್ಕಿ, ಒಂಬತ್ತು. ಪ್ರಿಂಟರು ಗುಟುರು ಹಾಕುತ್ತ ಹಾಳೆ ಉಗುಳತೊಡಗಿತು. ಒಂದು, ಎರಡು, ಹತ್ತು, ಹದಿನೇಳು. ಎದುರಿಗೆ ಕುಳಿತಿದ್ದ ನಮ್ಮೂರಿನವನೇ ಒಬ್ಬ ಹಾಳೆ ಎತ್ತಿ ನೋಡಿ, "ಏನವ್ವ, ನಮ್ ಹೊಲದಾಗೆ ಇಷ್ಟೊಂದು ಹೀರೋಯಿನ್‌ಗಳು ಯಾವಾಗ ಸೇರ್ಕಂಡ್ರು?" ಅಂದ. ಹಿಂದಿನ ದಿನ ಸಂಜೆ ಬ್ರೌಸರು ಹೊಸದಾಗಿತ್ತಂತೆ. ಪಹಣಿಯ ಪುಟ ಈಗ ಸಾಲಿನ ನಡುವೆ ತೆರೆಯುತ್ತಿತ್ತು. ಬಲತುದಿಯಲ್ಲಿದ್ದದ್ದು ನನ್ನ ಮಗ ತೆರೆದಿಟ್ಟು ಹೋಗಿದ್ದ ಸಿನಿಮಾ ಸುದ್ದಿ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆ ನಗುವಿನಲ್ಲಿ ನನ್ನದೊಂದೇ ಸುಳ್ಳು ನಗು. ನಮ್ಮೂರಿನವನು ಒಂದು ಹೀರೋಯಿನ್ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದ. ವಾರದವರೆಗೆ ಊರ ಕಟ್ಟೆಯಲ್ಲಿ ನನ್ನದೇ ಮಾತು.

ಹೊಸ ಲೆಕ್ಕ ಕಲಿಯಲು ಹದಿನೈದು ದಿನ ಬೇಕಾಯಿತು. ಕಲಿತ ಮೇಲೆ ಒಂದು ಬೆಳಿಗ್ಗೆ, ಕರಿಯಪ್ಪ ಟೀ ತರಲು ಹೋಗಿದ್ದಾಗ, ಮೂಲೆಯಲ್ಲಿ ಒಂದು ಪೆಟ್ಟಿಗೆ ಇಣುಕಿತು. ಒಳಗೆ ಇಂಗ್ಲಿಷು, ಕೆಳಗೆ ಒಂದು ನೀಲಿ ಗುಂಡಿ, ಒಂದು ಬಿಳಿ ಗುಂಡಿ. ಗಂಗಿ ಅವತ್ತು ಶಾಲೆಗೆ ಹೋಗುವ ಮುಂಚೆ ಅಂಗಡಿಯಲ್ಲಿ ಕುಳಿತು ಹೋಂವರ್ಕು ಮಾಡುತ್ತಿದ್ದಳು.

"ಏನೇ ಇದು, ಕಳ್ಳನಂಗೆ ಇಣುಕ್ತೈತೆ?" ಅಂದೆ.

"ಬ್ರೌಸರ್ ಹೊಸದು ಬಂದೈತಂತಜ್ಜಿ, ಹಾಕ್ಕಳ್ಲಾ ಅಂತ ಕೇಳ್ತೈತೆ. ನೀಲಿ ಒತ್ತಿದ್ರೆ ಈಗ. ಬಿಳಿ ಒತ್ತಿದ್ರೆ ಆಮೇಲೆ."

ಎಷ್ಟು ಚೆನ್ನಾಗಿ ಹೇಳಿಕೊಟ್ಟಳು ಮಗು! ಅವಳು ಪುಸ್ತಕಕ್ಕೆ ತಲೆ ತಗ್ಗಿಸಿದಳು, ನಾನು ಬಿಳಿ ಒತ್ತಿದೆ.

ನಮ್ಮ ಮನೆಯಲ್ಲಿ ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ. ಹಿಟ್ಟು ಮುಗಿದಿದ್ದರೂ ಇಲ್ಲ ಅನ್ನಬಾರದು, ಆಮೇಲೆ ಬಾರಪ್ಪ ಅನ್ನಬೇಕು. ಇಲ್ಲ ಅಂದರೆ ಮನೆಯೊಳಗೆ ‘ಇಲ್ಲ’ವೇ ಬಂದು ಕೂರುತ್ತದೆ ಅಂತ ನಮ್ಮತ್ತೆ ಹೊಸಿಲ ಮೇಲೆ ನಿಲ್ಲಿಸಿ ಕಲಿಸಿದ್ದರು. ಆಮೇಲೆ ಅಂದರೆ ತಪ್ಪಿಲ್ಲ, ಪಾಪವಿಲ್ಲ, ಬಂದವನಿಗೆ ಅವಮಾನವೂ ಇಲ್ಲ. ಆ ಪೆಟ್ಟಿಗೆಯೂ ಬಾಗಿಲಿಗೆ ಬಂದ ಜೋಗಪ್ಪನ ಹಾಗೇ ನನಗೆ ಕಂಡಿತು. ಎರಡು ಮೂರು ದಿನಕ್ಕೊಮ್ಮೆ ಬರುತ್ತಿತ್ತು. ನಾನು ದೀಪ ಹಚ್ಚಿದ ಕೈಯಲ್ಲೇ, "ಆಮೇಲೆ ಬಾರಪ್ಪ" ಅಂದು ಬಿಳಿ ಗುಂಡಿ ಒತ್ತುತ್ತಿದ್ದೆ. ಕರಿಯಪ್ಪ ಟೀ ತರುವ ಹೊತ್ತಿಗೆ ಅದು ಹೋಗಿರುತ್ತಿತ್ತು. ಹೀಗೆ ಒಂದೂವರೆ ವರ್ಷ.

ಇಲ್ಲಿ ನನ್ನ ಅಜ್ಜಿಯ ನೆನಪು ಬರುತ್ತದೆ. ಬರಬಾರದಿತ್ತು, ಆದರೂ ಬರುತ್ತದೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಉಣ್ಣೆ ನೂಲುತ್ತಿದ್ದದ್ದು ಕೈಯಲ್ಲಿ ತಿರುಗಿಸುವ ಕದಿರಿನಿಂದ. ತೊಡೆಯ ಮೇಲೆ ಉಜ್ಜಿ ಬಿಟ್ಟರೆ ಬುಗುರಿಯ ಹಾಗೆ ಸುತ್ತುತ್ತದೆ, ನೂಲು ಇಳಿಯುತ್ತದೆ. ಒಂದು ಕಂಬಳಿಗೆ ಬೇಕಾದ ನೂಲಿಗೆ ಮನೆಯ ಹೆಂಗಸರೆಲ್ಲ ದಿನಗಟ್ಟಲೆ ತೊಡೆ ಉಜ್ಜಬೇಕು. ನಮ್ಮಪ್ಪ ಹಿರಿಯೂರು ಸಂತೆಯಿಂದ ಒಂದು ರಾಟೆ ತಂದ. ಹೊಸ ಮರದ ವಾಸನೆ, ದೊಡ್ಡ ಚಕ್ರ. ಮೂವರ ಕೆಲಸ ಒಬ್ಬಳೇ ಮಾಡಬಹುದು ಅಂತ ಅಂಗಳದಲ್ಲೇ ಕುಳಿತು ತಿರುಗಿಸಿ ತೋರಿಸಿದ. ನಾನು ಚಪ್ಪಾಳೆ ತಟ್ಟಿದೆ. ನಮ್ಮಜ್ಜಿ ತಟ್ಟಲಿಲ್ಲ. ಕದಿರಿನಲ್ಲಿ ಅವಳಷ್ಟು ಸಣ್ಣ ನೂಲು ಸುತ್ತಲಿನ ಊರುಗಳಲ್ಲಿ ಯಾರೂ ತೆಗೆಯುತ್ತಿರಲಿಲ್ಲ. ರಾಟೆಯ ಮುಂದೆ ಅವಳೂ ಒಂದೇ, ನಿನ್ನೆ ಕಲಿತ ಹುಡುಗಿಯೂ ಒಂದೇ.

"ಇರ್ಲಿ, ಅಟ್ಟಕ್ಕೆ ಹಾಕು. ಆಮೇಲೆ ನೋಡಾಣ" ಅಂದಳು.

ಅಜ್ಜಿಯ ಮಾತು ಮೀರುವ ಧೈರ್ಯ ಅಪ್ಪನಿಗೆ ಇರಲಿಲ್ಲ. ಆ ಸಲ ಉಣ್ಣೆ ಹೆಚ್ಚು ಬಂದಿತ್ತು, ನೂಲಲು ಕೈ ಸಾಲದು ಅಂತ ನನ್ನನ್ನು ಮೂರನೇ ಕ್ಲಾಸಿನಿಂದ ಬಿಡಿಸಿದರು. ನನ್ನ ಸ್ಲೇಟನ್ನು ಗಂಜಿಯ ಮಡಕೆಗೆ ಮುಚ್ಚಳ ಮಾಡಿದರು. ಎರಡು ವರ್ಷದ ಮೇಲೆ ಅಜ್ಜಿಯ ಬೆರಳುಗಳು ಸೆಟೆದುಕೊಂಡಾಗ ರಾಟೆ ಕೆಳಗಿಳಿಯಿತು. ಅಷ್ಟರಲ್ಲಿ ನನ್ನ ಜೊತೆಯವರು ಐದನೇ ಕ್ಲಾಸಿನಲ್ಲಿದ್ದರು, ಅವರಿಗೆ ನನ್ನ ಜೊತೆ ಆಡಲು ಹೊತ್ತಿರಲಿಲ್ಲ. ಅಜ್ಜಿ ಸಾಯುವವರೆಗೂ ನನ್ನ ಮೇಲೆ ಪ್ರಾಣ ಇಟ್ಟುಕೊಂಡಿದ್ದಳು. ನಾನು ಅವಳ ಮೇಲೆ ಕೋಪ ಇಟ್ಟುಕೊಂಡಿದ್ದೆ. ಅವಳು ಒಂದು ಮಾತು, ನನ್ನಿಂದ ತಪ್ಪಾಯ್ತು ಕಣೇ ಅಂದಿದ್ದರೆ ಆ ಕೋಪ ಹೋಗುತ್ತಿತ್ತೇನೋ. ಅವಳು ಅನ್ನಲಿಲ್ಲ. ಅವಳ ಸಮಾಧಿಗೆ ಮಣ್ಣು ಹಾಕುವಾಗಲೂ ನನ್ನ ಮುಷ್ಟಿ ಸ್ವಲ್ಪ ಬಿಗಿಯಾಗಿಯೇ ಇತ್ತು.

ಈಗ ಹೋದ ವರ್ಷಕ್ಕೆ ಬರುತ್ತೇನೆ.

ಗಂಗಿ ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸು ಮಾಡಿದ್ದಳು. ಚಿಕ್ಕಂದಿನಿಂದ ತಾತನ ಬಾಲ ಹಿಡಿದು ಕುರಿಯ ಹಿಂದೆ ತಿರುಗಿದವಳು. ಕುರಿ ಕೆಮ್ಮಿದರೆ ಇವಳಿಗೆ ನಿದ್ದೆ ಬರುವುದಿಲ್ಲ. ಅವಳೂ ಅವಳ ಗೆಳತಿ ಪವಿತ್ರಾಳೂ ಈ ಡಿಪ್ಲೊಮಾ ಸೇರಿ ಒಂದೇ ಹಾಸ್ಟೆಲ್ ಕೋಣೆಯಲ್ಲಿ ಇರುವುದು ಅಂತ ಎಂಟನೇ ಕ್ಲಾಸಿನಲ್ಲೇ ಮಾತಾಡಿಕೊಂಡಿದ್ದರು. ಪವಿತ್ರಾ ತನ್ನ ಮಾವನ ಮನೆಯಲ್ಲಿ ಚಿತ್ರದುರ್ಗದಲ್ಲಿದ್ದಳು, ಅರ್ಜಿ ಅಲ್ಲೇ ಹಾಕಿದಳು. ಗಂಗಿಯ ಜಾತಿ ಪತ್ರ ಬರುವುದು ತಡವಾಗಿ, ಕೊನೆಯ ದಿನವೇ ಕುಳಿತಳು.

ಮಧ್ಯಾಹ್ನ ಎರಡು ಗಂಟೆ. ಎಲ್ಲ ತುಂಬಿದಳು. ಹೆಸರು, ಊರು, ನಂಬರು. ಕೊನೆಗೆ ಫೋಟೋ ಹಾಕುವ ಜಾಗ. ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಫೋಟೋ ಚಿಕ್ಕದು ಮಾಡಿ ಒತ್ತಿದಳು, ದೊಡ್ಡದು ಮಾಡಿ ಒತ್ತಿದಳು. ಇನ್ನೊಂದು ಫೋಟೋ ತೆಗೆಸಿಕೊಂಡು ಓಡಿ ಬಂದಳು.

"ಅಪ್ಪಾ, ಹತ್ತಂಗಿಲ್ಲ."

"ಕೊನೇ ದಿನ ಅಲ್ವೇನವ್ವ, ಎಲ್ರೂ ಒಂದೇ ಸಲ ನುಗ್ಗಿರ್ತಾರೆ. ಜಾಮ್ ಆಗೈತೆ. ಸಂಜೆ ಹಾಕಾಣ, ರಾತ್ರಿ ಹನ್ನೆರಡರ ತನಕ ಟೈಮ್ ಇರ್ತೈತೆ" ಅಂದ ಕರಿಯಪ್ಪ.

ನಾನು ಪಕ್ಕದಲ್ಲೇ ಹಾಳೆ ಜೋಡಿಸುತ್ತ, "ಹೂಂ ಕಣೆ, ಆಮೇಲೆ ಹಾಕಾಣ. ಉಂಡಿಲ್ಲ ನೀನು, ಬಾ" ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಅವಳಿಗೆ ಮೊಸರನ್ನ ಉಣಿಸಿದೆ.

ಸಂಜೆ ಐದೂ ಕಾಲಿಗೆ ಮತ್ತೆ ತೆರೆದರೆ ಅರ್ಜಿ ಮುಚ್ಚಿತ್ತು. ಐದಕ್ಕೇ ಮುಗಿದಿತ್ತು. ಹನ್ನೆರಡು ಅನ್ನುವುದು ಕರಿಯಪ್ಪನ ಅಂದಾಜು. ಗಂಗಿ ಅಳಲಿಲ್ಲ. ಹೊಸದಾಗಿ ತೆಗೆಸಿದ್ದ ಫೋಟೋವನ್ನು ಪರ್ಸಿನೊಳಗೆ ಇಟ್ಟುಕೊಂಡು, "ಹೋಗಾಣ ನಡೀರಿ ಊರಿಗೆ" ಅಂದಳು.

ತಿಂಗಳಾದ ಮೇಲೆ ಕಂಪ್ಯೂಟರು ನಿಧಾನವಾಯಿತು ಅಂತ ರಿಪೇರಿಯ ಅನ್ವರ್ ಬಂದ. ನಮ್ಮಂಗಡಿಗೆ ಹಳಬ, ಬಾಯಿ ಜೋರು, ಮನಸ್ಸು ಒಳ್ಳೆಯದು. ಕೂತು ಎರಡು ನಿಮಿಷವಾಗಿರಲಿಲ್ಲ.

"ಅರೆ, ಏನಣ್ಣ ಕರಿಯಪ್ಪಣ್ಣ! ಈ ಬ್ರೌಸರ್ ಒಂದೂವರೆ ವರ್ಷದಿಂದ ಅಪ್‌ಡೇಟ್ ಆಗಿಲ್ಲ. ಇಷ್ಟು ಹಳೇದ್ರಾಗೆ ಈಗಿನ ಅರ್ಜಿಗಳು ಅರ್ಧಂಬರ್ಧ ಕೆಲ್ಸ ಮಾಡ್ತವೆ. ಫೋಟೋ ಹಾಕದು ಅಂತೂ ಬಿಲ್ಕುಲ್ ಆಗಲ್ಲ."

ಕರಿಯಪ್ಪ ಕುರ್ಚಿ ಹಿಡಿದುಕೊಂಡು ನಿಂತ. "ಏನಂದೆ? ಫೋಟೋ?"

"ಹೌದಣ್ಣ. ಹೊಸದಾಗಿದ್ರೆ ಒಂದೇ ಏಟಿಗೆ ಹತ್ತದು. ದಿನಾ ಕೇಳಿರ್ತೈತಲ್ಲ ಇದು, ಯಾರು ಬೇಡ ಅಂದಿದ್ದು?"

"ಕೇಳೇ ಇಲ್ಲ ಮಾರಾಯ ನನ್ನ. ತಾನಾಗೇ ಆಗ್ತೈತೆ ಅನ್ಕಂಡಿದ್ದೆ."

ನಾನು ಹಾಳೆ ಜೋಡಿಸುತ್ತಲೇ ಇದ್ದೆ. ಜೋಡಿಸಿದ್ದನ್ನೇ ಬಿಚ್ಚಿ ಮತ್ತೆ ಜೋಡಿಸಿದೆ. ಬೇಡ ಅಂದಿರಲಿಲ್ಲ ನಾನು, ಆಮೇಲೆ ಅಂದಿದ್ದೆ. ಅವತ್ತು ಬಾಯಿ ಬಿಡಬಹುದಿತ್ತು. ಗಂಗಿ ಅಲ್ಲಿರಲಿಲ್ಲ, ಮಗನ ಎದುರಾದರೂ ಹೇಳಬಹುದಿತ್ತು. ಕರಿಯಪ್ಪ ಆ ರಾತ್ರಿ ಊಟ ಬಿಟ್ಟ. ಮಗಳಿಗೆ, "ನನ್ ತಪ್ಪು ಕಣವ್ವ, ನಾನು ನೋಡ್ಕಬೇಕಿತ್ತು" ಅಂದ. ನನ್ನ ತಪ್ಪನ್ನು ಅವನು ಹೊತ್ತುಕೊಳ್ಳುವುದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ.

ಅನ್ವರ್ ಹೊಸ ಬ್ರೌಸರು ಹಾಕಿಹೋದ. ಅದರ ಪುರಾಣವನ್ನೂ ಸ್ವಲ್ಪ ಕೇಳಿ. ಕರಿಯಪ್ಪ ವಾರವಿಡೀ, "ಎಲ್ಲೋಯ್ತೋ ಅದು, ಇಲ್ಲೇ ಇತ್ತಲ್ಲ" ಅಂತ ಪರದೆಯ ಮೇಲೆ ತಡಕಾಡಿದ, ಕತ್ತಲಲ್ಲಿ ಚಪ್ಪಲಿ ಹುಡುಕುವವನ ಹಾಗೆ. ದಿನಾ ಪೇಪರು ಓದಲು ಬರುವ ನಿವೃತ್ತ ಮೇಷ್ಟ್ರು, ಹೊಸದರಲ್ಲಿ ಅಕ್ಷರ ಸಣ್ಣವು, ಹಳೆಯದರಲ್ಲಿ ಸುದ್ದಿಯೂ ಒಳ್ಳೆಯದಿತ್ತು ಅಂದರು. ಗಂಗಿ ಒಂದು ಗಂಟೆಯಲ್ಲಿ ಅದರ ಮೂಲೆ ಮೂಲೆ ತಿಳಿದುಕೊಂಡಳು, ಅವರಪ್ಪನ ಗುರುತುಗಳನ್ನೆಲ್ಲ ಹುಡುಕಿಕೊಟ್ಟು ಮೇಷ್ಟ್ರ ಅಕ್ಷರ ದೊಡ್ಡದು ಮಾಡಿದಳು. ಸುದ್ದಿ ಮಾತ್ರ ಒಳ್ಳೆಯದಾಗಲಿಲ್ಲ. ನನ್ನ ಕಣ್ಣಿಗೆ ಎಲ್ಲ ಮೂಲೆಗಳೂ ಉಜ್ಜಿದ ಸೋಪಿನ ಹಾಗೆ ದುಂಡಗಾಗಿದ್ದವು. ನನ್ನ ಮೂರು, ಐದು, ಏಳು ಇದ್ದ ಪಟ್ಟಿಯೇ ಮಾಯ. ಗಂಗಿ, "ಬಾ ಅಜ್ಜಿ, ಹೇಳ್ಕೊಡ್ತೀನಿ, ಭಾಳ ಸುಲಭ ಐತೆ" ಅಂತ ಪಕ್ಕದಲ್ಲಿ ಕುರ್ಚಿ ಎಳೆದಳು. ನಾನು, "ಕಣ್ಣು ಮಂಜಾಗೈತೆ ಕಣೆ, ಇನ್ ನನ್ ಕೈಲಾಗಲ್ಲ" ಅಂದೆ. ಕಣ್ಣಿಗೆ ಏನೂ ಆಗಿರಲಿಲ್ಲ. ಅವಳ ಪಕ್ಕ ಕೂರಲು ಆಗುತ್ತಿರಲಿಲ್ಲ.

ನನ್ನ ಒಂದು ಗುಮಾನಿ ಹೇಳಲೇ? ಆಗ ಎರಡು ವಾರ ಕುಳಿತಿದ್ದರೆ ಹೊಸ ಲೆಕ್ಕ ನನಗೆ ಬಂದೇ ಬರುತ್ತಿತ್ತು. ಒಂದು ಸಲ ಬಂದಿತ್ತಲ್ಲ. ಹೊಸ ಅಂಚು ಹಾಕಿದಾಗಲೆಲ್ಲ ನಾವು ಹೊಸದಾಗಿ ಎಣಿಸುತ್ತಿರಲಿಲ್ಲವೇ? ಹೆದರಿದ್ದು ಹೊಸದಕ್ಕಲ್ಲ. ಮತ್ತೊಮ್ಮೆ ನಾಲ್ಕು ಜನ ನಕ್ಕಾರು ಅಂತ. ಆ ನಾಲ್ಕು ಜನರ ನಗುವಿಗೆ ನನ್ನ ಮೊಮ್ಮಗಳ ಒಂದು ವರ್ಷ ಹೋಯಿತು.

ಆ ವರ್ಷ ಅವಳು ಹೊಸದುರ್ಗದ ಕಾಲೇಜಿಗೆ ಪಿಯುಸಿ ಸೇರಿದಳು, ಮನಸ್ಸಿಲ್ಲದೆ. ಪವಿತ್ರಾ ಹಾಸ್ಟೆಲಿನಿಂದ ಫೋನು ಮಾಡಿ, ಇವತ್ತು ಕರುವಿಗೆ ಸೂಜಿ ಹಾಕುವುದು ಕಲಿಸಿದರು, ಇವತ್ತು ಕುರಿಯ ಹಲ್ಲು ನೋಡಿ ವಯಸ್ಸು ಹೇಳುವುದು ಅಂತ ವರದಿ ಒಪ್ಪಿಸುತ್ತಿದ್ದಳು. ಹಲ್ಲು ನೋಡುವುದು ಗಂಗಿಗೆ ಐದನೇ ವಯಸ್ಸಿಗೇ ಗೊತ್ತು. ಆದರೂ, "ಹೌದೇನೇ? ಹೆಂಗೆ?" ಅಂತ ಕೇಳಿಸಿಕೊಳ್ಳುತ್ತಿದ್ದಳು. ಆ "ಹೆಂಗೆ" ಅನ್ನುವ ದನಿ ಕೇಳಿದಾಗಲೆಲ್ಲ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಮೆಲ್ಲಗೆ ಫೋನುಗಳು ಕಡಿಮೆಯಾದವು. ಹೇಳಬೇಕು, ಹೇಳಬೇಕು ಅಂದುಕೊಳ್ಳುವುದು; ಹಬ್ಬ ಕಳೀಲಿ, ಪರೀಕ್ಷೆ ಮುಗೀಲಿ, ಈ ಸಲ ಅರ್ಜಿ ಹಾಕ್ಲಿ, ಸೀಟು ಸಿಗ್ಲಿ. ನನ್ನೊಳಗೂ ಒಂದು ಬಿಳಿ ಗುಂಡಿ ಇತ್ತು, ದಿನಾ ಒತ್ತುತ್ತಿದ್ದೆ.

ನಿನ್ನೆ ಸೀಟು ಸಿಕ್ಕಿತು. ಇನ್ನು ಮುಂದೂಡಲು ಏನೂ ಉಳಿದಿರಲಿಲ್ಲ.

ಮಧ್ಯಾಹ್ನವೇ ಅಂಗಡಿ ಮುಚ್ಚಿ ಊರಿಗೆ ಬಂದೆವು. ನಮ್ಮ ಯಜಮಾನರು ಅಂಗಳದಲ್ಲಿ ಒಂದು ಟಗರನ್ನು ಹಿಡಿದುಕೊಂಡೇ ನಿಂತಿದ್ದರು.

"ಏನ್ ತಾತ ಇದು?" ಅಂದಳು ಗಂಗಿ.

"ಇವತ್ತು ಇದೇ ಕಣವ್ವ ಊಟ."

"ಕುರಿ ನೋಡ್ಕಳಕ್ಕೆ ಓದಕ್ ಹೋಗಾಳ ಮನೇಲಿ, ಸೀಟು ಸಿಕ್ಕಿದ ದಿನನೇ ಕುರಿ ಕುಯ್ತೀಯಾ? ಬಿಡು ಅದನ್ನ."

"ಅಯ್ಯೋ, ಇನ್ನೂ ಸೇರೇ ಇಲ್ಲ, ಈಗ್ಲೇ ದರ್ಬಾರು ನೋಡೇ ಇವ್ಳದ್ದು" ಅಂತ ನನ್ನ ಕಡೆ ತಿರುಗಿ, ಟಗರಿನ ಕಿವಿ ಹಿಂಡಿ ಬಿಟ್ಟರು. "ಹೋಗಲೇ, ಡಾಕ್ಟ್ರಮ್ಮ ಉಳಿಸಿದ್ಲು ನಿನ್ನ."

ಹಾಗಾಗಿ ಹೋಳಿಗೆ ಆಯಿತು. ಸುಜಾತ ಕಣಕ ನಾದಿದಳು, ನಾನು ಹೂರಣ ರುಬ್ಬಿದೆ. ಒಂದೇ ಒಲೆ, ಇಬ್ಬರೂ ಒಂದು ಜಗಳದ ಮಾತೂ ಆಡಲಿಲ್ಲ ಅಂದರೆ ನಂಬಿ. ಅವಳು ಲಟ್ಟಿಸುತ್ತ ಲಟ್ಟಿಸುತ್ತ, "ಅತ್ತೆ, ಯಾಕೆ ಸಪ್ಪಗಿದೀರಿ? ಹಾಸ್ಟೆಲ್ ಸೇರ್ತಾಳೆ ಅಂತನಾ?" ಅಂದಳು. "ಏನಿಲ್ಲ, ಒಲೆ ಹೊಗೆ" ಅಂದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಐದು ತಟ್ಟೆ ಹಾಕಿದೆವು. ಯಾವಾಗಲೂ ಗಂಡಸರು ಮೊದಲು, ನಾವು ಆಮೇಲೆ. ನಿನ್ನೆ ಗಂಗಿ ಕೇಳಲಿಲ್ಲ, "ಎಲ್ರೂ ಒಟ್ಟಿಗೆ ಕುಂತ್ಕಳ್ರಿ" ಅಂತ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿದಳು. ಮುದ್ದೆ, ಹೋಳಿಗೆ ಸಾರು, ಹೋಳಿಗೆ, ತುಪ್ಪ. ಕರಿಯಪ್ಪ ಬಾಯಿತುಂಬ ತುಂಬಿಕೊಂಡು, "ನಮ್ಮವ್ವ ಒತ್ತಿದ್ದು ನೋಡು, ಅದ್ಕೇ ಸೀಟು ಬಂತು. ಕೈಗುಣ ಅಂದ್ರೆ ಅದು" ಅಂದ.

ನಾನು ಮುದ್ದೆ ಮುರಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟೆ.

"ಈ ಕೈನೇ ಕಣೋ ಹೋದ್ ವರ್ಷ ಕೆಡಿಸಿದ್ದು."

ಹೇಳಿದೆ. ಹದಿನೇಳು ಹಾಳೆಯಿಂದ ಹಿಡಿದು, ಬಿಳಿ ಗುಂಡಿ, ದಿನಾ ಬೆಳಿಗ್ಗೆಯ ಆಮೇಲೆ ಬಾರಪ್ಪ, ಅನ್ವರ್ ಬಂದ ದಿನ ಹಾಳೆ ಜೋಡಿಸುತ್ತ ಕುಳಿತದ್ದು, ಎಲ್ಲ. ಹೇಳುವಾಗ ಸಾರು ತಣ್ಣಗಾಗುವುದನ್ನೇ ನೋಡುತ್ತಿದ್ದೆ.

"ಅವ್ವ, ಅನ್ವರ್ ಹೇಳ್ದಾಗ ನೀನು ಅಲ್ಲೇ ಇದ್ಯಲ್ಲ" ಅಂದ ಕರಿಯಪ್ಪ.

"ಇದ್ದೆ."

"ನಾನು ನನ್ ತಪ್ಪು ಅಂತ ಇಷ್ಟು ದಿನ..."

"ಗೊತ್ತು ಕಣಪ್ಪ. ಅದನ್ನೂ ಕೇಳಿಸ್ಕಂಡೆ."

ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡರು. "ಆಗಿದ್ ಆಗೋಯ್ತು ಬಿಡ್ರಲೇ. ಆ ವರ್ಷ ರಜೆ ರಜೆಗೂ ನನ್ ಜೊತೆ ತಿರುಗಿ ಕಾಲೇಜಿಗಿಂತ ಜಾಸ್ತಿ ಕಲ್ತವ್ಳೆ ಅವ್ಳು."

"ನೀವ್ ಸುಮ್ಕಿರ್ರಿ. ಅದು ನನ್ ತಪ್ಪಿಗೆ ಉತ್ತರ ಅಲ್ಲ" ಅಂದೆ. ನಲವತ್ತೈದು ವರ್ಷದಲ್ಲಿ ಅವರಿಗೆ ಹಾಗೆ ಅಂದದ್ದು ಅದೇ ಮೊದಲಿರಬೇಕು.

ಗಂಗಿ ಮಾತ್ರ ತಲೆ ಎತ್ತಲಿಲ್ಲ. ಹೋಳಿಗೆಯ ಅಂಚನ್ನು ಸಣ್ಣ ಸಣ್ಣ ಚೂರು ಮಾಡುತ್ತಿದ್ದಳು. ಆ ಚೂರುಗಳಿಗೇ ಹೇಳುವ ಹಾಗೆ ಅಂದಳು:

"ನಾನೇ ದಡ್ಡಿ ಅನ್ಕಂಡಿದ್ದೆ ಅಜ್ಜಿ. ಅಪ್ಪ ಬ್ರೌಸರ್ ಹಳೇದು ಅಂದ್ರೂ ನಾನು ನಂಬ್ಲಿಲ್ಲ, ನನ್ ಸಮಾಧಾನಕ್ಕೆ ಹೇಳ್ತಾರೆ ಅನ್ಕಂಡೆ. ಒಂದ್ ಫೋಟೋ ಹಾಕಕ್ಕೂ ಬರ್ಲಿಲ್ಲ ನಂಗೆ, ಪವಿ ಹಾಕಿದ್ಲಲ್ಲ ಅಂತ. ವರ್ಷ ಪೂರ್ತಿ."

ನನಗೆ ಇದು ಗೊತ್ತಿರಲಿಲ್ಲ. ಅವಳ ಒಂದು ವರ್ಷ ಹೋಯಿತು ಅಂತ ಮಾತ್ರ ಎಣಿಸಿಕೊಂಡಿದ್ದೆ. ಆ ವರ್ಷದ ಒಂದೊಂದು ದಿನವೂ ಅವಳು ತನ್ನನ್ನೇ ಬೈದುಕೊಂಡಿದ್ದಳು ಅನ್ನುವುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಅನ್ವರ್ ಬಂದ ದಿನವೇ ನಾನು ಎರಡು ಮಾತು ಆಡಿದ್ದರೆ ಅಷ್ಟಾದರೂ ಉಳಿಯುತ್ತಿತ್ತು.

"ದಡ್ಡಿ ನಾನು ಕಣೆ. ತಪ್ಪು ನಂದು. ನಿಂದಲ್ಲ" ಅಂದೆ.

ಅವಳು ಕಣ್ಣೊರೆಸಿಕೊಂಡಳು. ಬೆರಳಿಗೆಲ್ಲ ಬೆಲ್ಲ ಮೆತ್ತಿದ್ದರಿಂದ ಮೊಣಕೈಯಿಂದ ಒರೆಸಿಕೊಳ್ಳಬೇಕಾಯಿತು, ಚಿಕ್ಕ ಮಗುವಿನ ಹಾಗೆ. ಹೊರಗೆ ಆ ಟಗರು ಒಂದು ಸಲ ಕೂಗಿತು.

ಏನು ಮಾಡಬೇಕೋ ತಿಳಿಯದೆ ನಾನು ಹೋಳಿಗೆಯ ಬುಟ್ಟಿ ಎತ್ತಿಕೊಂಡೆ. ಕೈಗೆ ಬರುವ ಕೆಲಸ ಅದೊಂದೇ. ಯಜಮಾನರ ಮುಂದೆ ಹಿಡಿದೆ. "ಆಮೇಲೆ" ಅಂದರು. ಕರಿಯಪ್ಪನೂ ಅಡ್ಡ ಕೈ ಹಿಡಿದು, "ಆಮೇಲೆ ಹಾಕ್ಸ್ಕಂತೀನವ್ವ" ಅಂದ. ಸುಜಾತ ಬೇಡವೆಂದು ತಲೆ ಆಡಿಸಿದಳು. ಗಂಗಿಯ ಹತ್ತಿರ ಬಂದು ನಿಂತೆ. ಬುಟ್ಟಿಯನ್ನು ಅವಳ ತಟ್ಟೆಯ ಕಡೆಗೆ ಬಗ್ಗಿಸಿ ಹಿಡಿದೆ.

ಅವಳು ನನ್ನ ಮುಖ ನೋಡಲಿಲ್ಲ. ತಟ್ಟೆಯಲ್ಲಿದ್ದ ಚೂರುಗಳನ್ನು ಒಂದು ಬದಿಗೆ ಒತ್ತಿ, ಜಾಗ ಮಾಡಿದಳು.

"ನಂಗೆ ಈಗ್ಲೇ ಹಾಕು."

ಹಾಕಿದೆ.

"ತುಪ್ಪ?"

ತುಪ್ಪವನ್ನೂ ಹಾಕಿದೆ. ಸ್ವಲ್ಪ ಹೆಚ್ಚೇ ಬಿತ್ತು. ಅವಳು ಬೇಡ ಅನ್ನಲಿಲ್ಲ. ನಾನು ನನ್ನ ತಟ್ಟೆಯ ಮುಂದೆ ಹೋಗಿ ಕುಳಿತೆ, ತಣ್ಣಗಾದ ಸಾರಿಗೆ ಮುದ್ದೆ ಅದ್ದಿದೆ, ಐದೂ ಜನ ಉಂಡೆವು.